ಅಟ್ಟದಲ್ಲಿ ಸಿಕ್ಕ ಸ್ಪೆಕ್ಟ್ರಮ್, ಮತ್ತು ‘ಅಳಿಸಬೇಡ’ ಎಂದು ಬರೆದ ಒಂದು ಕ್ಯಾಸೆಟ್ (ಅಂತರ್ಜಾಲದ ಹರಟೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಕ್ಯಾಂಪಿನ ಹುಡುಗ

ಸುಣ್ಣ ಬಳಿಸುವುದಕ್ಕೆಂದು ಬಳ್ಳಾರಿಯ ಮನೆಯ ಅಟ್ಟ ಖಾಲಿ ಮಾಡಿಸುತ್ತಿದ್ದೆ. ಹಿತ್ತಾಳೆ ಕೊಳಗ, ಇಲಿ ಕಡಿದ ಜಮಖಾನೆ, ಅಪ್ಪನ ಮೂರು ಛತ್ರಿ. ಇವೆಲ್ಲದರ ಕೆಳಗೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನಮ್ಮ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಮಲಗಿತ್ತು. ಕರಿಯ ಮೈ, ಗಟ್ಟಿ ಕೀಲಿಗಳು, ಬದಿಯಲ್ಲಿ ರೀಸೆಟ್ ಗುಂಡಿ. ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಪೆಕ್ಟ್ರಮ್ ಎನ್ನುವುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರ ಏಪ್ರಿಲ್‌ನಲ್ಲಿ ಹೊರತಂದ ಮನೆಬಳಕೆಯ ಕಂಪ್ಯೂಟರ್. ಅದರ ಪ್ಲಸ್ ಮಾದರಿಯನ್ನು 1986ರಿಂದ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿತು. ಪರದೆಯಾಗಿ ಮನೆಯ ಟಿವಿ, ಡಿಸ್ಕಿನ ಬದಲಿಗೆ ಟೇಪ್ ರೆಕಾರ್ಡರ್, ಒಟ್ಟು ನೆನಪು 48 ಕಿಲೋಬೈಟ್. ಈಗ ಬೆಳಗಾದರೆ ಬರುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸುವುದಿಲ್ಲ.

ಅಪ್ಪನಿಗೆ ಆಗ ಮುನಿರಾಬಾದಿನಲ್ಲಿ ಕೆಲಸ, ತುಂಗಭದ್ರಾ ಅಣೆಕಟ್ಟೆಯ ಕ್ಯಾಂಪಿನಲ್ಲಿ ಮನೆ. ಈಗ ಅದು ಕೊಪ್ಪಳ ಜಿಲ್ಲೆ. 1997ರವರೆಗೆ ನಾವು ವಿಳಾಸದಲ್ಲಿ ರಾಯಚೂರು ಜಿಲ್ಲೆ ಎಂದೇ ಬರೆಯುತ್ತಿದ್ದೆವು. ಪೆಟ್ಟಿಗೆಯಲ್ಲಿ ಐದು ಕ್ಯಾಸೆಟ್ ಇವೆ. ನಾಲ್ಕರ ಮೇಲೆ ಏನೂ ಬರೆದಿಲ್ಲ. ಐದನೆಯದರ ಮೇಲೆ ಅಕ್ಕನ ಕೈಬರಹ: ‘ಗೇಟ್. ಅಳಿಸಬೇಡ.’ ಈ ‘ಬೇಡ’ ಎನ್ನುವುದು ನನಗೇ ಹೇಳಿದ್ದು. ಕಾರಣವನ್ನು ಆಮೇಲೆ ಹೇಳುತ್ತೇನೆ, ನಾಚಿಕೆಯ ವಿಷಯ.

ಕೇಳಬೇಕಾದದ್ದು ಇಷ್ಟೇ: ಅಡಾಪ್ಟರ್ ಕೂಡ ಸಿಕ್ಕಿದೆ. ಹಾಕಿ ನೋಡಲೇ?

ಬೆಸುಗೆ ಕಡ್ಡಿ

ಮೊದಲನೆಯ ಮಾತು: ಪ್ಲಗ್ ಹಾಕಬೇಡಿ. ಎರಡನೆಯ ಮಾತು: ಪ್ಲಗ್ ಹಾಕಬೇಡಿ.

ರಾಯಚೂರಿನಲ್ಲಿ ಮೂವತ್ತೈದು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಹಳೆಯ ಅಡಾಪ್ಟರ್ ಈಗ ಎಷ್ಟು ವೋಲ್ಟ್ ಕೊಡುತ್ತದೆ ಎಂಬುದನ್ನು ಮೀಟರ್ ಹಿಡಿಯದೆ ಯಾರೂ ಹೇಳಲಾರರು. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ. ಬೇರೆ ಅಡಾಪ್ಟರ್ ತಂದರೆ ಇನ್ನೊಂದು ಅಪಾಯ ಕಾದಿದೆ: ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಪಿನ್ನಿನ ಒಳಭಾಗ ಧನ, ಹೊರಭಾಗ ಋಣ. ಸ್ಪೆಕ್ಟ್ರಮ್‌ನಲ್ಲಿ ಅದು ತಿರುಗುಮುರುಗು. ಅವಸರದಲ್ಲಿ ಚುಚ್ಚಿದವರು ಅನೇಕರು ಕೈ ಸುಟ್ಟುಕೊಂಡಿದ್ದಾರೆ.

ಒಳಗಿನ ಸಂಗತಿ ಇನ್ನೂ ಸೂಕ್ಷ್ಮ. ಮೊದಲ 16 ಕಿಲೋಬೈಟ್ ನೆನಪು ಇರುವುದು 4116 ಎಂಬ ಎಂಟು ಚಿಪ್‌ಗಳಲ್ಲಿ. ಅವಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: 5, 12 ಮತ್ತು ಋಣ 5. ಒಂದು ಪುಟ್ಟ ಸುರುಳಿ, ಒಂದೆರಡು ಟ್ರಾನ್ಸಿಸ್ಟರ್ ಸೇರಿ ಇವುಗಳಲ್ಲಿ 12 ಮತ್ತು ಋಣ 5ನ್ನು ತಯಾರಿಸುತ್ತವೆ. ಆ ಋಣ 5 ತಪ್ಪಿತೆಂದರೆ ಚಿಪ್‌ಗಳು ಬಿಸಿಯಾಗಿ ಸಾಯುತ್ತವೆ. ಆದ್ದರಿಂದ ಮೊದಲು ಬಿಚ್ಚಿ, ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿ, ಆಮೇಲೆ ಮೂರೂ ವೋಲ್ಟೇಜ್ ಅಳೆಯಿರಿ.

ಉಳಿದ 32 ಕಿಲೋಬೈಟಿನದು ಬೇರೆಯೇ ಕಥೆ. ಸಿಂಕ್ಲೇರ್ ಮೊದಲಿನ ಯಂತ್ರಗಳಲ್ಲಿ ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್‌ಗಳನ್ನು ಅಗ್ಗದಲ್ಲಿ ಕೊಂಡು, ಅವುಗಳ ಸರಿಯಿದ್ದ ಅರ್ಧವನ್ನು ಮಾತ್ರ ಬಳಸಿದರು. ಹುಳುಕು ಬದನೆಕಾಯಿಯನ್ನು ಹೆಚ್ಚಿ ಒಳ್ಳೆಯ ಭಾಗವನ್ನು ಪಲ್ಯಕ್ಕೆ ಹಾಕಿದ ಹಾಗೆ. ಈ ಜಾಣತನ ನಮ್ಮ ಕಡೆಯ ಅಂಗಡಿಯವರಿಗೆ ಮಾತ್ರ ಇದೆ ಎಂದುಕೊಂಡಿದ್ದೆ.

ಹಟ್ಟಿಯವನು

ಮ್ಯಾನಿಕ್ ಮೈನರ್! ಆ ಕ್ಯಾಸೆಟ್‌ಗಳಲ್ಲಿ ಆ ಆಟವೊಂದು ಇದ್ದೇ ಇರುತ್ತದೆ, ನೋಡಿ.

ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಗಣಿಗಾರನ ಮಗನ ಕೈಗೆ ಗಣಿಗಾರನ ಆಟ ಸಿಕ್ಕಿತ್ತು. 1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ ಬರೆದದ್ದು. ಒಟ್ಟು 20 ಗುಹೆ. ಪ್ರತಿ ಗುಹೆಯಲ್ಲಿಯೂ ಹೊಳೆಯುವ ಬೀಗದ ಕೈಗಳನ್ನೆಲ್ಲ ಆರಿಸಿಕೊಂಡು ಬಾಗಿಲಿಗೆ ಹೋಗಬೇಕು. ಪರದೆಯ ಕೆಳಗೆ ಒಂದು ಉದ್ದ ಪಟ್ಟಿ: ‘ಏರ್’. ಅದು ಸವೆಯುತ್ತಾ ಬರುತ್ತದೆ, ಮುಗಿದರೆ ಒಂದು ಜೀವ ಹೋಯಿತು. ಎತ್ತರದಿಂದ ಬಿದ್ದರೂ ಅಷ್ಟೇ.

ಅಪ್ಪ ಒಂದು ಸಲ ರಾತ್ರಿ ಪಾಳಿ ಮುಗಿಸಿ ಬಂದು, ಚಹಾದ ಲೋಟ ಹಿಡಿದು ನನ್ನ ಹಿಂದೆ ನಿಂತು ನೋಡಿದರು. ಆ ಪಟ್ಟಿ ಏನೆಂದು ಕೇಳಿದರು. ಗಾಳಿ ಎಂದೆ. ತುಂಬ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಇದನ್ನು ಬರೆದವನಿಗೆ ಗಣಿ ಗೊತ್ತಿಲ್ಲ. ಗಾಳಿ ಎಷ್ಟು ಉಳಿದಿದೆ ಎಂದು ಒಳಗೆ ಯಾರೂ ಪಟ್ಟಿ ಹಾಕಿ ತೋರಿಸುವುದಿಲ್ಲ” ಎಂದು ಹೇಳಿ ಮಲಗಲು ಹೋದರು. ಅವತ್ತಿನಿಂದ ಆ ಪಟ್ಟಿ ಕಂಡಾಗಲೆಲ್ಲ ನನ್ನ ಎದೆ ಸ್ವಲ್ಪ ಬಿಗಿಯುತ್ತಿತ್ತು. ಹದಿಮೂರನೆಯ ಗುಹೆ ನಾನು ಕೊನೆಗೂ ದಾಟಲಿಲ್ಲ, ಕಾರಣ ಅದೇ ಎಂದು ಹೇಳಿದರೆ ಸುಳ್ಳಾದೀತು. ಕೈ ಸಾಲಲಿಲ್ಲ.

ಇನ್ನೊಂದು. ನಮ್ಮದು ಕಪ್ಪು-ಬಿಳುಪು ಟಿವಿ. ಸ್ಪೆಕ್ಟ್ರಮ್ ಎಂದರೆ ಬಣ್ಣದ ಪಟ್ಟೆ ಎಂದು ಯಂತ್ರದ ಮೈಮೇಲೆಯೇ ಬರೆದಿದ್ದರೂ ನಾನು ಆ ಆಟದ ಬಣ್ಣಗಳನ್ನು ಕಂಡದ್ದು ನಲವತ್ತನೆಯ ವಯಸ್ಸಿನಲ್ಲಿ, ಎಮ್ಯುಲೇಟರ್‌ನಲ್ಲಿ, ಅಂದರೆ ಹೊಸ ಕಂಪ್ಯೂಟರ್ ಹಳೆಯದರಂತೆ ನಡೆಯುವ ಹಾಗೆ ಮಾಡುವ ಪ್ರೋಗ್ರಾಮಿನಲ್ಲಿ. ಕಂಡು ಬೇಸರವಾಯಿತು. ಇಷ್ಟು ಗಾಢ ಕೆಂಪು, ಇಷ್ಟು ಹಸಿರು! ನನ್ನ ಗಣಿ ಬೂದಿ ಬಣ್ಣದ್ದು.

ಸೋನಾ ಮಸೂರಿ

ಬಣ್ಣ ಕಾಣದಿದ್ದರೂ ನೀವು ಆಡಲು ಸಾಧ್ಯವಾದದ್ದು ಅದೃಷ್ಟದಿಂದಲ್ಲ. ಸ್ಪೆಕ್ಟ್ರಮ್‌ನ ಬಣ್ಣಗಳಿಗೆ 0ಯಿಂದ 7ರವರೆಗೆ ಸಂಖ್ಯೆ: ಕಪ್ಪು, ನೀಲಿ, ಕೆಂಪು, ಮೆಜೆಂಟಾ, ಹಸಿರು, ಸಯಾನ್, ಹಳದಿ, ಬಿಳಿ. ಇದು ಬೆಳಕಿನ ಏರಿಕೆಯ ಕ್ರಮ. ಕಪ್ಪು-ಬಿಳುಪು ಟಿವಿಯಲ್ಲಿ ಎಂಟೂ ಬೇರೆ ಬೇರೆ ಬೂದಿ ಮೆಟ್ಟಿಲುಗಳಾಗಿ ಕಾಣುತ್ತವೆ.

ಬಣ್ಣದ ಟಿವಿ ಇದ್ದವರು ಬೇರೆ ಕಷ್ಟ ಕಂಡರು. ಪರದೆಯಲ್ಲಿ ಅಡ್ಡ 256, ಉದ್ದ 192 ಚುಕ್ಕೆ. ಪ್ರತಿ ಚುಕ್ಕೆಗೂ ಬಣ್ಣ ಕೊಟ್ಟರೆ ನೆನಪಿನ ದೊಡ್ಡ ಪಾಲು ಪರದೆಗೇ ಖರ್ಚಾಗುತ್ತಿತ್ತು. ಅದಕ್ಕೆ ಎಂಟಕ್ಕೆ ಎಂಟು ಚುಕ್ಕೆಯ ಒಂದು ಮನೆಗೆ ಎರಡೇ ಬಣ್ಣ ಎಂದು ಕಟ್ಟು ಮಾಡಿದರು. ಚುಕ್ಕೆಗಳಿಗೆ 6144 ಬೈಟ್, ಬಣ್ಣಕ್ಕೆ 768 ಬೈಟ್, ಮುಗಿಯಿತು. ಪರಿಣಾಮ: ಹಸಿರು ಗಿಡದ ಪಕ್ಕ ಬಿಳಿ ಅಂಗಿಯವನು ಹೋದರೆ ಅವನೂ ಹಸಿರು. ಓಕುಳಿಯ ದಿನ ಪಕ್ಕದವರ ಬಣ್ಣ ನಮಗೂ ಹತ್ತುತ್ತದಲ್ಲ, ಹಾಗೆ.

ಇಷ್ಟು ಹೇಳಿದರೂ ನನ್ನ ಮತ ಬಿಬಿಸಿ ಮೈಕ್ರೋ ಎಂಬ ಇನ್ನೊಂದು ಕಂಪ್ಯೂಟರಿಗೆ. 1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಯಂತ್ರ ಅದು. ನಮ್ಮ ಶಾಲೆಯಲ್ಲಿ ಕೊಠಡಿಗೆ ಪರದೆ ಹಾಕಿ, ನೆಲಕ್ಕೆ ಜಮಖಾನೆ ಹಾಸಿ, ನಮ್ಮ ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕಳಿಸುತ್ತಿದ್ದರು. ಗರ್ಭಗುಡಿಯೇ ಸರಿ. ಒಂದು ಯಂತ್ರಕ್ಕೆ ನಾಲ್ವರು, ವಾರಕ್ಕೆ ಅರ್ಧ ಗಂಟೆ. ಎಲೀಟ್ ಎಂಬ ಬಾಹ್ಯಾಕಾಶದ ಆಟ ಹುಟ್ಟಿದ್ದು ಆ ಯಂತ್ರದಲ್ಲಿ: ಇಯಾನ್ ಬೆಲ್ ಮತ್ತು ಡೇವಿಡ್ ಬ್ರಾಬೆನ್, 1984. ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಲೋಕ, ಅಂದರೆ 2048. ಅದೂ 32 ಕಿಲೋಬೈಟಿನಲ್ಲಿ! ಲೋಕಗಳ ಪಟ್ಟಿಯನ್ನು ಅವರು ಕೂಡಿಡಲೇ ಇಲ್ಲ. ಒಂದು ಬೀಜ ಸಂಖ್ಯೆ ಕೊಟ್ಟು, ಬೇಕಾದಾಗ ಲೆಕ್ಕದಿಂದಲೇ ಹುಟ್ಟಿಸಿಕೊಂಡರು. ಆ ಯಂತ್ರದ ಏಕಾರ್ನ್ ಕಂಪನಿಯವರೇ 1985ರಲ್ಲಿ ಮೊದಲ ಆರ್ಮ್ ಚಿಪ್ ಮಾಡಿದ್ದು. ನೀವು ಇದನ್ನು ಓದುತ್ತಿರುವ ಮೊಬೈಲ್ ಬಹುಪಾಲು ಅದರದೇ ಸಂತತಿ.

ಕ್ಯಾಂಪಿನ ಹುಡುಗ

ಮಸೂರಿಯವರೇ, ನಿಮ್ಮ ಯಂತ್ರ ದೊಡ್ಡದು, ಒಪ್ಪಿದೆ. ಆದರೆ ನೀವು ಚಪ್ಪಲಿ ಬಿಟ್ಟು ಒಳಗೆ ಹೋದಿರಿ. ನಾವು ಮಂಡಕ್ಕಿ ತಿಂದ ಕೈಯಲ್ಲಿ ಒತ್ತಿದೆವು. ನಮ್ಮದರ ಕೀಲಿಗಳ ಸಂದಿಯಲ್ಲಿ ಈಗಲೂ ಪುಟಾಣಿ ಹಿಟ್ಟು ಇದೆ, ಇವತ್ತು ಬೆಳಿಗ್ಗೆ ಬ್ರಷ್ ಹಿಡಿದಾಗ ಕಂಡಿತು.

ಎಂಟು ಬಿಟ್ ಎಳೆಯ

ನಾನು ತೊಂಬತ್ತರ ದಶಕದವನು. ಟೇಪಿಲ್ಲದ ಆಟದ ಕ್ಯಾಸೆಟ್ ತುರುಕಿದ ತಕ್ಷಣ ಆಟ ಶುರುವಾಗುವ ಟಿವಿ ವಿಡಿಯೊ ಗೇಮ್ ಇರುವಾಗ, ಟೇಪಿನಿಂದ ಆಟ ಒಳಗೆ ಇಳಿಯುವ ತನಕ ಐದು ನಿಮಿಷ ಅದರ ಕಿರುಚಾಟ ಕೇಳುತ್ತಾ ಕೂರುವ ಯಂತ್ರಕ್ಕೆ ಇಷ್ಟು ಪ್ರೀತಿ ಏಕೆ ಎಂಬುದು ನಿಜವಾಗಿಯೂ ತಿಳಿಯುತ್ತಿಲ್ಲ. 2024ರಲ್ಲಿ ಇದರದೇ ಹೊಸ ಪ್ರತಿಕೃತಿ ಮಾರುಕಟ್ಟೆಗೆ ಬಂದಿದೆ, ಒಳಗೆ 48 ಆಟ ತುಂಬಿಯೇ ಕೊಡುತ್ತಾರೆ. ಅದನ್ನು ಕೊಂಡರೆ ಆಯಿತಲ್ಲ?

ಕ್ಯಾಂಪಿನ ಹುಡುಗ

ಅದರಲ್ಲಿ ‘ಗೇಟ್’ ಇರುವುದಿಲ್ಲ, ತಮ್ಮ.

ಮುನಿರಾಬಾದಿನಲ್ಲಿ ಆಟದ ಕ್ಯಾಸೆಟ್ ಮಾರುವ ಅಂಗಡಿ ಎಲ್ಲಿತ್ತು? ಹೊಸಪೇಟೆಯಲ್ಲಿಯೂ ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಎರಡು ಆಟ. ಅವು ಸಾಕಾದ ಮೇಲೆ ಅಕ್ಕ ತಾನೇ ಬರೆಯಲು ಕುಳಿತಳು. ಅವಳು ಆಗ ಪಿಯುಸಿ. ಬೇರೆ ಆಟ ಸಿಕ್ಕಿದ್ದರೆ ಅವಳು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ.

ಈಗ ನಾಚಿಕೆಯ ಕಥೆ. ಸ್ಪೆಕ್ಟ್ರಮ್‌ನಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬರೆಯುವುದಿಲ್ಲ. ಒಂದು ಕೀಲಿ ಒತ್ತಿದರೆ ಇಡೀ ಪದ ಬರುತ್ತದೆ. ಪಿ ಒತ್ತಿದರೆ ‘ಪ್ರಿಂಟ್’, ಜೆ ಒತ್ತಿದರೆ ‘ಲೋಡ್’, ಆರ್ ಒತ್ತಿದರೆ ‘ರನ್’. ಎ ಒತ್ತಿದರೆ ‘ನ್ಯೂ’. ಅದಾದ ಮೇಲೆ ಎಂಟರ್ ಒತ್ತಿದರೆ ನೆನಪಿನಲ್ಲಿದ್ದ ಪ್ರೋಗ್ರಾಮ್ ಸಂಪೂರ್ಣ ಮಾಯ. ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. 1989ರ ಬೇಸಿಗೆಯಲ್ಲಿ ಅಕ್ಕ ಮೂರು ದಿನ ಬರೆದದ್ದನ್ನು ಇನ್ನೂ ಕ್ಯಾಸೆಟ್ಟಿಗೆ ಹಾಕಿರಲಿಲ್ಲ, ನೀರು ಕುಡಿಯಲು ಎದ್ದು ಹೋಗಿದ್ದಳು. ನಾನು ನನ್ನ ಹೆಸರು ಬರೆಯೋಣ ಎಂದುಕೊಂಡೆ. ನನ್ನ ಹೆಸರು ‘ಅ’ದಿಂದ ಶುರುವಾಗುತ್ತದೆ.

ಅವಳು ಹೊಡೆಯಲಿಲ್ಲ. ಅಳಲೂ ಇಲ್ಲ. ಎರಡು ದಿನ ಮಾತು ಬಿಟ್ಟು, ಮತ್ತೆ ಮೊದಲಿನಿಂದ ಬರೆದಳು. ಖಾಲಿ ಕ್ಯಾಸೆಟ್ ಇರಲಿಲ್ಲವಾದ್ದರಿಂದ ಅಜ್ಜಿಯ ಬಳಿಯಿದ್ದ, ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಕ್ಯಾಸೆಟ್ಟಿನ ಮುರಿದ ಚೌಕಕ್ಕೆ (ಅದು ಮುರಿದಿದ್ದರೆ ಟೇಪಿನ ಮೇಲೆ ಹೊಸದಾಗಿ ಮುದ್ರಿಸಲಾಗದು) ಕಾಗದದ ಉಂಡೆ ತುರುಕಿ, ಎರಡನೆಯ ಬದಿಯ ಮೇಲೆ ಉಳಿಸಿದಳು. ಆ ಕ್ಯಾಸೆಟ್ಟೇ ಇದು. ಮೊದಲ ಬದಿಯಲ್ಲಿ ವಚನ ಇನ್ನೂ ಇದೆಯೋ ಏನೋ.

ಅಕ್ಷರ ಜೋಡಕ

ನಿಮ್ಮ ಅಕ್ಕ ಕನ್ನಡ ಅಕ್ಷರ ಬಳಸಿದ್ದಾರೆಯೇ? ಕೇಳುವುದಕ್ಕೆ ಕಾರಣವಿದೆ, ನಾನು ಆ ಹುಚ್ಚಿನಲ್ಲಿ ಒಂದು ವರ್ಷ ಕಳೆದವನು.

ಸ್ಪೆಕ್ಟ್ರಮ್ 21 ಅಕ್ಷರಗಳನ್ನು ನಮಗೆ ಬೇಕಾದಂತೆ ಬಿಡಿಸಿಕೊಳ್ಳಲು ಬಿಡುತ್ತಿತ್ತು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಚೌಕದ ಹಾಳೆಯಲ್ಲಿ ತುಂಬಿ, ತುಂಬಿದ ಮನೆಗೆ ಒಂದು, ಖಾಲಿ ಮನೆಗೆ ಸೊನ್ನೆ ಎಂದು ‘ಪೋಕ್’ ಮಾಡುತ್ತಾ, ಅಂದರೆ ನೇರವಾಗಿ ನೆನಪಿನೊಳಗೆ ತುಂಬುತ್ತಾ ಹೋಗಬೇಕು. ಇಂಗ್ಲಿಷಿನವರಿಗೆ ಎಂಟು ಚುಕ್ಕೆ ಧಾರಾಳ. ನಮಗೆ? ‘ರ’ ಬರೆಯಬಹುದು. ‘ಗ’ ಹೇಗೋ ಬರುತ್ತದೆ. ‘ಳ್ಳಾ’ ಬರೆಯಿರಿ ನೋಡೋಣ! ತಲಕಟ್ಟು ಮೇಲೆ, ಹೊಟ್ಟೆ ನಡುವೆ, ಒತ್ತು ಕೆಳಗೆ, ದೀರ್ಘ ಬಲಕ್ಕೆ. ಎಂಟು ಚುಕ್ಕೆಯಲ್ಲಿ ಅದು ಹಿಸುಕಿದ ನೊಣದಂತೆ ಕಾಣುತ್ತದೆ. ಕೊನೆಗೆ ಒಂದು ಅಕ್ಷರಕ್ಕೆ ನಾಲ್ಕು ಮನೆ, ಮೇಲೆರಡು ಕೆಳಗೆರಡು, ಎಂದು ಗೊತ್ತು ಮಾಡಿಕೊಂಡೆ. ‘ಬಳ್ಳಾರಿ’ಗೆ ಹನ್ನೆರಡು ಮನೆ ಖರ್ಚಾಯಿತು. ಉಳಿದ ಒಂಬತ್ತರಲ್ಲಿ ‘ಕೋಟೆ’ ಎಂದು ಬರೆದ ಮೇಲೆ ಬಾಕಿ ಒಂದು. ಅದರಲ್ಲಿ ಒಂದು ಚಂದ್ರ ಬಿಡಿಸಿ ಕೋಟೆಯ ಮೇಲಿಟ್ಟೆ.

ಆಮೇಲೆ ತಿಳಿಯಿತು, 23606 ಮತ್ತು 23607ನೆಯ ವಿಳಾಸಗಳಲ್ಲಿ ಸಂಖ್ಯೆ ಬದಲಿಸಿದರೆ 96 ಅಕ್ಷರಗಳ ಇಡೀ ಮಾಲೆಯನ್ನೇ ಬೇರೆ ಕಡೆಗೆ ತಿರುಗಿಸಬಹುದು ಎಂದು. ಅಷ್ಟರಲ್ಲಿ ಪರೀಕ್ಷೆ ಬಂತು, ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಬೆಸುಗೆ ಕಡ್ಡಿ

ಕ್ಯಾಂಪಿನ ಹುಡುಗರೇ, ಕ್ಯಾಸೆಟ್ಟನ್ನು ಮತ್ತೆ ಮತ್ತೆ ಓಡಿಸಬೇಡಿ. ಹಳೆಯ ಟೇಪಿನ ಲೇಪ ಓಡಿಸಿದಷ್ಟೂ ಉದುರುತ್ತದೆ. ಮೊದಲು ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇದೆಯೇ ನೋಡಿ. ಇಲ್ಲದಿದ್ದರೆ ಒಮ್ಮೆ ನಿಧಾನವಾಗಿ ಆ ತುದಿಯಿಂದ ಈ ತುದಿಗೆ ಸುತ್ತಿ, ನೇರವಾಗಿ ಲ್ಯಾಪ್‌ಟಾಪ್‌ಗೆ ಧ್ವನಿಮುದ್ರಿಸಿಕೊಳ್ಳಿ. ಮಿಕ್ಕ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ. ಫ್ಯೂಸ್ ಎಂಬ ಉಚಿತ ಎಮ್ಯುಲೇಟರ್ ಇದೆ, ಯಂತ್ರ ಸಿದ್ಧವಾಗುವ ತನಕ ಅದು ಸಾಕು.

ಕ್ಯಾಂಪಿನ ಹುಡುಗ

ಬೂಷ್ಟು ಇರಲಿಲ್ಲ. ಬಳ್ಳಾರಿಯ ಬಿಸಿಲಿಗೆ ಬೂಷ್ಟು ಎಲ್ಲಿ ಬದುಕೀತು? ಧ್ವನಿಮುದ್ರಿಸಿದೆ. ಮೊದಲು ಐದು ಸೆಕೆಂಡು ಒಂದೇ ಸಮನೆ ‘ಪೀ’, ಒಂದು ಕ್ಷಣ ‘ಟ್ಸಿಪ್’, ಮತ್ತೆ ‘ಪೀ’, ಆಮೇಲೆ ಆ ಕರಕರ. ಪಕ್ಕದ ಕೋಣೆಯಿಂದ ಮಗಳು ಬಂದು ಏನು ಸುಡುತ್ತಿದೆ ಎಂದು ಕೇಳಿದಳು.

ಅದನ್ನು ಎಮ್ಯುಲೇಟರ್‌ಗೆ ಓದಲು ಕೊಟ್ಟೆ. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ದಪ್ಪ ಪಟ್ಟೆ ಬಂತು, ‘ಗೇಟ್’ ಎಂದು ಹೆಸರೂ ಬಂತು. ಕೈ ನಡುಗಿತು. ನೀಲಿ-ಹಳದಿ ಸಣ್ಣ ಪಟ್ಟೆ ಶುರುವಾಗಿ ಅರ್ಧಕ್ಕೆ ನಿಂತಿತು. ‘ಟೇಪ್ ಲೋಡಿಂಗ್ ಎರರ್’. ನಾಲ್ಕು ಬಾರಿಯೂ ಅದೇ ಜಾಗದಲ್ಲಿ.

ಬೆಸುಗೆ ಕಡ್ಡಿ

ಹೆಡ್ಡಿನ ಕೋನ. ರೆಕಾರ್ಡರ್ ಮುಚ್ಚಳದ ಬಳಿ ಸಣ್ಣ ರಂಧ್ರವಿರುತ್ತದೆ, ಪ್ಲೇ ಒತ್ತಿದಾಗ ಅದರ ಕೆಳಗೆ ಒಂದು ತಿರುಪು ಬರುತ್ತದೆ. ಟೇಪ್ ಓಡುತ್ತಿರುವಾಗ ಗಡಿಯಾರದ ತಿರುಪುಳಿಯಿಂದ ಅರ್ಧ ಕೂದಲೆಳೆಯಷ್ಟು ತಿರುಗಿಸಿ. ಸದ್ದು ಮಂಕಿನಿಂದ ಚೂಪಾಗುವ ಕಡೆ ನಿಲ್ಲಿಸಿ. ಕಣ್ಣಿನಿಂದ ಆಗುವ ಕೆಲಸವಲ್ಲ, ಕಿವಿಯಿಂದ ಆಗುವುದು. ಆಮೇಲೆ ಹೊಸದಾಗಿ ಧ್ವನಿಮುದ್ರಿಸಿ.

ಹಟ್ಟಿಯವನು

ನಾನು ಅಂಗಿ ಇಸ್ತ್ರಿ ಮಾಡುತ್ತಾ ಮೊಬೈಲ್ ನೋಡುತ್ತಿದ್ದೇನೆ. ಬೇಗ ಹೇಳಿ.

ಕ್ಯಾಂಪಿನ ಹುಡುಗ

ಬಂತು!

ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಅಕ್ಷರ ಜೋಡಕರೇ, ನಿಮ್ಮ ಲೆಕ್ಕ ಸರಿ. ಮೊದಲ ಪರದೆಯಲ್ಲಿ ದೊಡ್ಡದಾಗಿ ‘ತುಂಗಭದ್ರಾ’ ಎಂದು ಬರುತ್ತದೆ. ತುಂ, ಗ, ಭ, ದ್ರಾ: ನಾಲ್ಕು ನಾಲ್ಕಲಿ ಹದಿನಾರು ಮನೆ. ಉಳಿದ ಐದರಲ್ಲಿ ಮುಚ್ಚಿದ ಗೇಟು, ತೆರೆದ ಗೇಟು, ನೊರೆ, ಒಂದು ಮೀನು, ಒಬ್ಬ ಮನುಷ್ಯ. ಮನುಷ್ಯ ಅಪ್ಪನಂತೆ, ಛತ್ರಿ ಹಿಡಿದಿದ್ದಾನೆ.

ಆಟ ಸರಳ. ಮೇಲಿನಿಂದ ಒಳಹರಿವು ಬರುತ್ತದೆ, ಒಮ್ಮೆ ಕಡಿಮೆ, ಒಮ್ಮೆ ಮಲೆನಾಡಿನಲ್ಲಿ ಮಳೆ ಹುಯ್ದಂತೆ ದಿಢೀರ್ ಏರಿಕೆ. ನೀರಿನ ಮಟ್ಟದ ತುದಿಯಲ್ಲಿ ‘1633’ ಎಂದಿದೆ, ಜಲಾಶಯ ತುಂಬುವ ಅಡಿ ಲೆಕ್ಕ ಅದು. 5 ಮತ್ತು 8 ಒತ್ತಿ ಅತ್ತಿತ್ತ ನಡೆದು, 7 ಒತ್ತಿದರೆ ಗೇಟು ಏರುತ್ತದೆ, 6 ಒತ್ತಿದರೆ ಇಳಿಯುತ್ತದೆ. ಮುಚ್ಚಿಟ್ಟುಕೊಂಡರೆ ನೀರು 1633 ಮೀರಿ ಆಟ ಮುಗಿಯುತ್ತದೆ. ಗಾಬರಿಯಾಗಿ ಎಲ್ಲವನ್ನೂ ತೆರೆದರೆ ಕೆಳಗೆ ಸಾಲೊಂದು ಮಿನುಗುತ್ತದೆ, ಇಂಗ್ಲಿಷ್ ಅಕ್ಷರಗಳಲ್ಲಿ: ‘ಕಂಪ್ಲಿ ಬ್ರಿಜ್ ಮುಳುಗಿತು’. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಮೊದಲು ಕೇಳುವ ಸುದ್ದಿಯೇ ಅದು. ಆಗಾಗ ಒಂದು ಗೇಟು ಸಿಕ್ಕಿಹಾಕಿಕೊಂಡು ‘ಬೀಪ್’ ಎನ್ನುತ್ತದೆ, ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಬೇಕು.

ಪ್ರೋಗ್ರಾಮಿನ ಮೊದಲ ಸಾಲು, ಸಂಖ್ಯೆ 10: ‘ರೆಮ್ ತಮ್ಮಾ ಎ ಮುಟ್ಟಬೇಡ’. ರೆಮ್ ಎಂದರೆ ಯಂತ್ರಕ್ಕಲ್ಲ, ಓದುವ ಮನುಷ್ಯರಿಗೆ ಬರೆದ ಟಿಪ್ಪಣಿ.

ಗೇಟುಗಳನ್ನು ಎಣಿಸಿದೆ, 32. ಅಣೆಕಟ್ಟೆಗೆ ಇರುವುದು 33 ಎಂದು ಕ್ಯಾಂಪಿನ ಕೂಸಿಗೂ ಗೊತ್ತು. ಧಾರವಾಡಕ್ಕೆ ಫೋನ್ ಮಾಡಿದೆ, ಅಕ್ಕ ಅಲ್ಲಿ ಗಣಿತ ಕಲಿಸುತ್ತಾಳೆ. ಇನ್ನೊಂದು ಗೇಟು ಎಲ್ಲಿ ಎಂದು ಕೇಳಿದೆ. ತಡವರಿಸದೆ ಹೇಳಿದಳು: “ಸ್ಪೆಕ್ಟ್ರಮ್ ಪರದೆಗೆ ಅಡ್ಡ 32 ಮನೆ. 33ನೆಯದು ಎಲ್ಲಿ ಕೂಡಬೇಕು? ಹರಿವಿನ ಸೂತ್ರ ನೋಡು, ಅಲ್ಲಿ 33 ಎಂದೇ ಇದೆ. ಆ ಒಂದು ಗೇಟು ಲೆಕ್ಕಕ್ಕುಂಟು, ಆಟಕ್ಕಿಲ್ಲ.”

ನೋಡಿದೆ. ಹೌದು, ಕಾಣದ ಒಂದು ಗೇಟು ಯಾವಾಗಲೂ ತೆರೆದೇ ಇದೆ.

ಸೋನಾ ಮಸೂರಿ

ನನ್ನ ಮತವನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಈ ಆಟ ಬಿಬಿಸಿಯಲ್ಲಿ ಇರಲಿಲ್ಲ ಎಂಬುದು ನಿಜ.

ಹಟ್ಟಿಯವನು

19ನೆಯ ಗೇಟು? 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಅಂಥದ್ದು ಈ ಆಟದಲ್ಲಿ ನಡೆಯುತ್ತದೆಯೇ?

ಕ್ಯಾಂಪಿನ ಹುಡುಗ

ಅದನ್ನೂ ಕೇಳಿದೆ. “ಸಿಕ್ಕಿಹಾಕಿಕೊಳ್ಳಬಹುದು ಎಂದು ಬರೆದಿದ್ದೆ. ಕಿತ್ತುಕೊಂಡು ಹೋಗಬಹುದು ಎಂದು ನನಗೆ ಹೊಳೆಯಲೇ ಇಲ್ಲ, ಅಪ್ಪನೂ ಹೇಳಿರಲಿಲ್ಲ” ಎಂದಳು. ಆ ವಾರ ಹರಿಯುವ ನೀರಿಗೆ ಅಡ್ಡಲಾಗಿ ತಾತ್ಕಾಲಿಕ ಗೇಟಿನ ಭಾಗಗಳನ್ನು ಇಳಿಸುವುದನ್ನು ಅವಳು ಟಿವಿಯಲ್ಲಿ ರಾತ್ರಿಯೆಲ್ಲ ನೋಡಿದ್ದಳಂತೆ. ನನಗೆ ಆಗ ಹೇಳಿರಲಿಲ್ಲ.

ಒಂದು ಗಂಟೆಯ ನಂತರ ವಾಟ್ಸ್ಯಾಪ್‌ನಲ್ಲಿ ಒಂದು ಚಿತ್ರ ಬಂತು. ಗೆರೆ ಹಾಳೆ, ಅದೇ ಕೈಬರಹ, ಒಂದೇ ಸಾಲು: ಸಂಖ್ಯೆ 195. ಸಾಲುಗಳಿಗೆ ಹತ್ತು ಹತ್ತರ ಅಂತರದಲ್ಲಿ ಸಂಖ್ಯೆ ಕೊಟ್ಟಿದ್ದಳಾದ್ದರಿಂದ 190ಕ್ಕೂ 200ಕ್ಕೂ ನಡುವೆ ಜಾಗ ಇತ್ತು. ‘ಇದನ್ನು ಸೇರಿಸು. ಎ ಮುಟ್ಟಬೇಡ’ ಎಂದು ಕೆಳಗೆ ಬರೆದಿದ್ದಾಳೆ.

ನಾಲ್ಕು ಬಾರಿ ನೋಡಿ ನೋಡಿ ಹೊಡೆದೆ. ಎಂಟರ್ ಒತ್ತಿದರೆ ಸಾಲು ಒಳಗೆ ಹೋಗುವುದೇ ಇಲ್ಲ, ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಿನುಗುತ್ತಾ ನಿಲ್ಲುತ್ತದೆ. ಅಕ್ಕನನ್ನು ಕೇಳಲು ಮುಖವಿಲ್ಲ. ಬೆಸುಗೆ ಕಡ್ಡಿಯವರೇ, ಸಾಲು ಹೀಗಿದೆ: ‘ಇಫ್’ ಆದ ಮೇಲೆ ಗೇಟು ಸಮ 19, ಆಮೇಲೆ ‘ದೆನ್’, ಆಮೇಲೆ ‘ಗೋ ಟು 900’. ಪ್ರಶ್ನಾರ್ಥಕ ಚಿಹ್ನೆ ‘ದೆನ್’ ಬಳಿ ಬರುತ್ತಿದೆ.

ಬೆಸುಗೆ ಕಡ್ಡಿ

‘ದೆನ್’ ಪದವನ್ನು ಬಿಡಿ ಬಿಡಿ ಅಕ್ಷರವಾಗಿ ಹೊಡೆದಿದ್ದೀರಿ. ಅಳಿಸಿ. ಸಿಂಬಲ್ ಶಿಫ್ಟ್ ಹಿಡಿದುಕೊಂಡು ಜಿ ಒತ್ತಿ.